ಜಿದ್ದಾ ಎಷ್ಟು ದೂರ? ಹಜ್ಜ್ ಯಾತ್ರೆಯ ಕಡಲಹಾದಿಯ ಚರಿತ್ರೆ

ಮುಂಬಯಿಯಿಂದ ಜಿದ್ದಾಕ್ಕೆ ಭೂಪಟದ ಮೇಲೆ ನೇರವಾದ ಗೆರೆಯೊಂದನ್ನು ಎಳೆದರೆ ಅದರ ಉದ್ದ ಸುಮಾರು 3,500 ಕಿಲೋಮೀಟರ್. ಮಂಗಳೂರಿನಿಂದ ಅಳೆದರೆ ಸುಮಾರು 3,900, ಬೆಂಗಳೂರಿನಿಂದಾದರೆ ಸುಮಾರು 4,200. ಮುಂಬಯಿಯಿಂದ ಹೊರಟ ನೇರ ವಿಮಾನ ಐದರಿಂದ ಐದೂವರೆ ಗಂಟೆಗಳಲ್ಲಿ ಜಿದ್ದಾದಲ್ಲಿ ಇಳಿಯುತ್ತದೆ. ಸೌದಿ ಅರೇಬಿಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದಿರುವುದರಿಂದ, ಬೆಳಗಿನ ಆರು ಗಂಟೆಗೆ ಇಲ್ಲಿ ವಿಮಾನವೇರಿದವನು ಅಲ್ಲಿನ ಒಂಬತ್ತು ಗಂಟೆಯ ಹೊತ್ತಿಗೆ ಕೆಂಪು ಸಮುದ್ರದ ದಡದಲ್ಲಿರುತ್ತಾನೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವುದಕ್ಕೂ ಇದಕ್ಕಿಂತ ಹೆಚ್ಚು ಸಮಯ ಬೇಕಾಗುತ್ತದೆ.

ಆದರೆ ದೂರವನ್ನು ಕಿಲೋಮೀಟರುಗಳಲ್ಲಿ ಹೇಳುವುದು ಇತ್ತೀಚಿನ ಅಭ್ಯಾಸ. ನಮ್ಮ ಪೂರ್ವಿಕರು ದೂರವನ್ನು ದಿನಗಳಲ್ಲಿ, ಮಜಲುಗಳಲ್ಲಿ ಹೇಳುತ್ತಿದ್ದರು. ಪ್ರವಾದಿ ಮುಹಮ್ಮದ್(ಸ)ರು ಇಸ್ರಾ ಯಾತ್ರೆಯ ವಿಷಯವನ್ನು ಮಕ್ಕಾದ ಜನರಿಗೆ ತಿಳಿಸಿದಾಗ ಕುರೈಷರು ಎತ್ತಿದ ಆಕ್ಷೇಪವನ್ನು ನೆನಪಿಸಿಕೊಳ್ಳಿ. ಬೈತುಲ್ ಮುಕದ್ದಿಸ್‌ಗೆ ಹೋಗಲು ಒಂದು ತಿಂಗಳು, ಮರಳಲು ಒಂದು ತಿಂಗಳು ಬೇಕಿರುವಾಗ ಒಂದೇ ರಾತ್ರಿಯಲ್ಲಿ ಹೋಗಿಬರುವುದು ಹೇಗೆ ಎಂದು ಅವರು ಕೇಳಿದರು. ನೇರ ಗೆರೆಯಲ್ಲಿ ಆ ಎರಡು ನಗರಗಳ ಅಂತರ ಸುಮಾರು 1,240 ಕಿಲೋಮೀಟರ್. ವ್ಯಾಪಾರಿಗಳಾದ ಅವರಿಗೆ ಆ ದಾರಿಯ ಪ್ರತಿಯೊಂದು ಬಾವಿಯೂ ಗೊತ್ತಿತ್ತು. ಮನುಷ್ಯನ ಕಾಲಿಗೂ ಒಂಟೆಯ ಗೊರಸಿಗೂ ನಿಲುಕುವ ವೇಗವೇ ಅವರ ಲೆಕ್ಕದ ಕೊನೆಯ ಮಿತಿಯಾಗಿತ್ತು.

ಹಿಂದೂಸ್ಥಾನದ ಮುಸ್ಲಿಮನಿಗೆ ಮಕ್ಕಾ ಎಷ್ಟು ದೂರ ಎಂಬ ಪ್ರಶ್ನೆ ಬರೀ ಭೂಗೋಳದ್ದಲ್ಲ. ಸಾಮರ್ಥ್ಯವುಳ್ಳವರಿಗೆ ಮಾತ್ರ ಹಜ್ಜ್ ಕಡ್ಡಾಯವೆಂದು ಕುರ್‌ಆನ್ ವಿಧಿಸಿರುವುದರಿಂದ ದೂರವು ಫಿಕ್‌ಹ್‌ನ ಪ್ರಶ್ನೆಯೂ ಹೌದು. ಹಣವಿದ್ದರೆ ಸಾಲದು, ದಾರಿಯೂ ಸುರಕ್ಷಿತವಾಗಿರಬೇಕು. ಆ ದಾರಿ ಸುರಕ್ಷಿತವೇ ಅಲ್ಲವೇ ಎಂಬ ವಿಚಾರದಲ್ಲಿ ನಮ್ಮ ದೇಶದ ವಿದ್ವಾಂಸರು ಶತಮಾನಗಳ ಕಾಲ ವಾದಿಸಿದ್ದಾರೆ. ಆ ವಾದದ ಎರಡೂ ಬದಿಗಳಲ್ಲಿ ದೊಡ್ಡ ಹೆಸರುಗಳಿವೆ.

ಮೊದಲು ಗಾಳಿಯ ವಿಷಯ. ಹಾಯಿಹಡಗಿನ ಕಾಲದಲ್ಲಿ ಅರಬ್ಬೀ ಸಮುದ್ರವನ್ನು ಮನಸ್ಸು ಬಂದಾಗ ದಾಟಲು ಸಾಧ್ಯವಿರಲಿಲ್ಲ. ಚಳಿಗಾಲದಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ, ಆಗ ನಮ್ಮ ಕರಾವಳಿಯಿಂದ ಪಶ್ಚಿಮಕ್ಕೆ ಹೋಗಬಹುದು. ಮಳೆಗಾಲದಲ್ಲಿ ಅದು ನೈಋತ್ಯದಿಂದ ಬೀಸುತ್ತದೆ. ಮಳೆಗಾಲದ ಆರಂಭದ ಅಬ್ಬರದಲ್ಲಿ ನಮ್ಮ ಬಂದರುಗಳೇ ಮುಚ್ಚಿರುತ್ತಿದ್ದವು. ಅದು ಇಳಿಮುಖವಾದ ಮೇಲೆ, ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಅರೇಬಿಯಾದ ಕಡೆಯಿಂದ ಹಡಗುಗಳು ಮರಳುತ್ತಿದ್ದವು. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತಾ 1347ರಲ್ಲಿ ಕಲ್ಲಿಕೋಟೆಯಿಂದ ಹೊರಟು ಅರೇಬಿಯಾದ ದಕ್ಷಿಣ ತೀರದ ಧೋಫಾರ್ ತಲುಪಲು 28 ದಿನ ಹಿಡಿಯಿತೆಂದು ಬರೆದಿದ್ದಾನೆ. ಅಲ್ಲಿಂದ ಮಕ್ಕಾ ಇನ್ನೂ ಬಹುದೂರ. ಅದಕ್ಕೆ ಕೆಲವು ವರ್ಷಗಳ ಹಿಂದೆ ಇದೇ ಬತೂತಾ ನಮ್ಮ ಹೊನ್ನಾವರವನ್ನೂ ಮಂಗಳೂರನ್ನೂ ಕಂಡಿದ್ದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳು, ಗಂಡುಮಕ್ಕಳಿಗೆ 23 ಶಾಲೆಗಳು ಇದ್ದವೆಂದೂ, ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು ನೆಲೆಸಿದ್ದರೆಂದೂ, ಯಮನ್ ಮತ್ತು ಪರ್ಷಿಯಾದ ವ್ಯಾಪಾರಿಗಳು ಅಲ್ಲಿಗೆ ಬರುತ್ತಿದ್ದರೆಂದೂ ಅವನ ವರದಿಯಿದೆ. ಈ ಕರಾವಳಿಯ ಜನರಿಗೆ ಅರೇಬಿಯಾ ಪರದೇಶವಾಗಿದ್ದರೂ ಅಪರಿಚಿತವಾಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಕೆಂಪು ಸಮುದ್ರದೊಳಗೆ ಹೋದ ಮೇಲೆ ಇನ್ನೊಂದು ತೊಡಕಿತ್ತು. ಅದರ ದಕ್ಷಿಣ ಭಾಗದಲ್ಲಿ ಚಳಿಗಾಲದ ಗಾಳಿ ಹಡಗನ್ನು ಉತ್ತರಕ್ಕೆ ತಳ್ಳುತ್ತದೆ. ಉತ್ತರ ಭಾಗದಲ್ಲಾದರೋ ವರ್ಷದ ಬಹುಪಾಲು ಉತ್ತರದಿಂದಲೇ ಗಾಳಿ ಬೀಸುತ್ತದೆ. ದಡದುದ್ದಕ್ಕೂ ಹವಳದ ದಿಬ್ಬಗಳಿವೆ. ಆದ್ದರಿಂದ ಹಿಂದೂಸ್ಥಾನದ ದೊಡ್ಡ ಹಡಗುಗಳಿಗೆ ಜಿದ್ದಾವೇ ಬಹುಮಟ್ಟಿಗೆ ಕೊನೆಯ ನಿಲ್ದಾಣ. ಹಿಜರಿ 26ರಲ್ಲಿ ಖಲೀಫ ಉಸ್ಮಾನ್(ರ)ರು ಶುಐಬಾದ ಬದಲಿಗೆ ಜಿದ್ದಾವನ್ನು ಮಕ್ಕಾದ ಬಂದರನ್ನಾಗಿ ಆರಿಸಿದ್ದರು. ಮುಂದಿನ ಶತಮಾನಗಳಲ್ಲಿ ಈಜಿಪ್ಟಿನ ಸರಕೂ ಹಿಂದೂಸ್ಥಾನದ ಸರಕೂ ಭೇಟಿಯಾಗುವ ಸ್ಥಳವಾಗಿ ಅದು ಬೆಳೆದುದರಲ್ಲಿ ಈ ಗಾಳಿಗಳ ಪಾಲೂ ಇದೆ.

ಗಾಳಿ ಸೌರವರ್ಷಕ್ಕೆ ಬದ್ಧ, ಹಜ್ಜ್ ಚಾಂದ್ರವರ್ಷಕ್ಕೆ ಬದ್ಧ. ಹಿಜರಿ ವರ್ಷವು ಸೌರವರ್ಷಕ್ಕಿಂತ ಹತ್ತು-ಹನ್ನೊಂದು ದಿನ ಚಿಕ್ಕದಾದುದರಿಂದ ದುಲ್‌ಹಜ್ಜ್ ತಿಂಗಳು ಪ್ರತಿವರ್ಷ ಹಿಂದಕ್ಕೆ ಸರಿಯುತ್ತಾ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಮಾರ್ಚ್ ತಿಂಗಳಲ್ಲಿ ಹಡಗೇರಿದವನಿಗೆ ಹಜ್ಜ್ ಮೇ-ಜೂನ್‌ನಲ್ಲಿ ಬಿದ್ದರೆ ಅದು ಅವನ ಭಾಗ್ಯ, ಸೆಪ್ಟೆಂಬರಿನ ಗಾಳಿಯಲ್ಲಿ ಮನೆಗೆ ಮರಳಬಹುದು. ಅದೇ ಹಜ್ಜ್ ಜನವರಿಯಲ್ಲಿ ಬಿದ್ದರೆ ಹತ್ತು ತಿಂಗಳು ಕಾಯಬೇಕು, ಹಜ್ಜ್ ಮುಗಿಸಿ ಮರಳುಗಾಳಿಗಾಗಿ ಮತ್ತೆ ಕಾಯಬೇಕು. ಸಮುದ್ರದ ಮೇಲಿನ ದೂರ ಅಷ್ಟೇ ಇದ್ದರೂ ಯಾತ್ರೆಯ ಅವಧಿ ತಂದೆಗೆ ಆರು ತಿಂಗಳು, ಮಗನಿಗೆ ಒಂದೂವರೆ ವರ್ಷ ಆಗಬಹುದಿತ್ತು. ಇಂತಹ ಯಾತ್ರೆಗೆ ಹೊರಡುವವನು ಸಾಲ ತೀರಿಸಿ, ವಸಿಯ್ಯತ್ ಬರೆದಿಟ್ಟು, ನೆರೆಹೊರೆಯವರಲ್ಲಿ ಕ್ಷಮೆ ಕೇಳಿ ಹೋಗುತ್ತಿದ್ದುದು ವಾಡಿಕೆಗಾಗಿ ಅಲ್ಲ. ಮರಳುವ ಭರವಸೆ ಅವನಿಗೂ ಇರಲಿಲ್ಲ, ಮನೆಯವರಿಗೂ ಇರಲಿಲ್ಲ. 'ಕಹಾ ಸುನಾ ಮಾಫ್ ಕರೋ' ಎಂದು ಇಂದಿಗೂ ನಮ್ಮ ದಖನಿ ಮನೆಗಳಲ್ಲಿ ಹಾಜಿಗಳು ಹೇಳುವ ಮಾತು ಆ ಕಾಲದ್ದು.

ಇಷ್ಟಾದರೂ ಗಾಳಿಯ ಜೊತೆ ಮನುಷ್ಯ ಹೊಂದಿಕೊಂಡಿದ್ದ. 1498ರಲ್ಲಿ ಪೋರ್ಚುಗೀಸರು ಬಂದ ಮೇಲೆ ಈ ದೂರದ ಸ್ವರೂಪವೇ ಬದಲಾಯಿತು. 1502ರಲ್ಲಿ ವಾಸ್ಕೋ ಡ ಗಾಮ ತನ್ನ ಎರಡನೆಯ ಯಾನದಲ್ಲಿ ಉತ್ತರ ಮಲಬಾರಿನ ತೀರದ ಬಳಿ ಮಕ್ಕಾದಿಂದ ಮರಳುತ್ತಿದ್ದ 'ಮೀರಿ' ಎಂಬ ಹಡಗನ್ನು ಹಿಡಿದನು. ಅದರಲ್ಲಿದ್ದ ಸಂಪತ್ತನ್ನು ಕಸಿದುಕೊಂಡ ಬಳಿಕ, ಹೆಂಗಸರು ಮಕ್ಕಳೂ ಸೇರಿದಂತೆ ನೂರಾರು ಯಾತ್ರಾರ್ಥಿಗಳಿದ್ದಂತೆಯೇ ಹಡಗಿಗೆ ಬೆಂಕಿ ಹಚ್ಚಿಸಿದನು. ಇದನ್ನು ದಾಖಲಿಸಿದವರು ಅವನ ಜೊತೆಗಿದ್ದವರೇ. ಆಮೇಲೆ 1510ರಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ ಗೋವಾ ಹೋಯಿತು. 1517ರಲ್ಲಿ ಪೋರ್ಚುಗೀಸ್ ನೌಕಾಪಡೆ ಜಿದ್ದಾದ ಮುಂದೆಯೇ ಬಂದು ನಿಂತಿತು. ನಗರದ ತೋಪುಗಳ ಎದುರು ಅದು ಗೆಲ್ಲಲಾಗದೆ ಹಿಂದಿರುಗಿತು.

ಅವರ ನಿಯಮದಂತೆ ಅರಬ್ಬೀ ಸಮುದ್ರದಲ್ಲಿ ಸಂಚರಿಸುವ ಪ್ರತಿಯೊಂದು ಹಡಗೂ 'ಕರ್ತಾಜ್' ಎಂಬ ಪರವಾನಗಿ ಪತ್ರವನ್ನು ಅವರಿಂದ ಹಣ ಕೊಟ್ಟು ಪಡೆಯಬೇಕಿತ್ತು. ಪತ್ರವಿಲ್ಲದ ಹಡಗು ಲೂಟಿಗೆ ಅರ್ಹ. ತಲೆತಲಾಂತರದಿಂದ ಯಾರ ಅಪ್ಪಣೆಯೂ ಇಲ್ಲದೆ ದಾಟಿದ ಕಡಲನ್ನು ದಾಟಲು ಈಗ ದೂರದ ದೊರೆಯೊಬ್ಬನ ಮುದ್ರೆ ಬೇಕಾಯಿತು. ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಮರು 'ತುಹ್ಫತುಲ್ ಮುಜಾಹಿದೀನ್' ಎಂಬ ತಮ್ಮ ಅರಬಿ ಚರಿತ್ರೆಯಲ್ಲಿ ಪೋರ್ಚುಗೀಸರ ಹಾವಳಿಗಳನ್ನು ಪಟ್ಟಿಮಾಡುವಾಗ ಹಜ್ಜ್ ಯಾತ್ರೆಗೆ ಒದಗಿದ ಅಡ್ಡಿಯನ್ನೂ ಸೇರಿಸಿದ್ದಾರೆ. ಆ ಕೃತಿಯನ್ನು ಅವರು ಅರ್ಪಿಸಿದ್ದು ಬಿಜಾಪುರದ ಅಲಿ ಆದಿಲ್‌ಶಾಹನಿಗೆ. ಮಲಬಾರಿನ ವಿದ್ವಾಂಸರೊಬ್ಬರು ಮೊರೆಯಿಡಲು ಕನ್ನಡನಾಡಿನ ಒಬ್ಬ ಸುಲ್ತಾನನ ಕಡೆ ನೋಡಿದರು ಎಂಬುದನ್ನು ನಮ್ಮ ಶಾಲಾ ಪಠ್ಯಗಳು ಹೇಳುವುದಿಲ್ಲ, ಹೇಳಿದ್ದರೆ ಚೆನ್ನಾಗಿತ್ತು.

ಇದೇ ಕಾಲದಲ್ಲಿ ಉತ್ತರದಲ್ಲಿ ಒಂದು ಫತ್ವಾ ಹೊರಟಿತು. ಮುಘಲ್ ಆಸ್ಥಾನದ ಪ್ರಭಾವಿ ವಿದ್ವಾಂಸ, 'ಮಖ್ದೂಮುಲ್ ಮುಲ್ಕ್' ಬಿರುದಿನ ಅಬ್ದುಲ್ಲಾ ಸುಲ್ತಾನ್‌ಪುರಿ, ಹಿಂದೂಸ್ಥಾನದವರಿಗೆ ಹಜ್ಜ್ ಈಗ ಕಡ್ಡಾಯವಲ್ಲ ಎಂದರು. ನೆಲದ ದಾರಿ ಸಫವಿ ಪರ್ಷಿಯಾದ ಮೂಲಕ ಹೋಗುತ್ತದೆ, ಅಲ್ಲಿ ಸುನ್ನಿಗಳಿಗೆ ಕಿರುಕುಳವಿದೆ. ಸಮುದ್ರದ ದಾರಿಯಲ್ಲಿ ಮರ್ಯಮ್ ಮತ್ತು ಈಸಾರ ಚಿತ್ರಗಳಿರುವ ಪೋರ್ಚುಗೀಸ್ ಪರವಾನಗಿಯನ್ನು ಒಯ್ಯಬೇಕು, ಅದು ವಿಗ್ರಹಾರಾಧನೆಗೆ ಒಪ್ಪಿದಂತೆ. ಎರಡೂ ದಾರಿಗಳು ಮುಚ್ಚಿರುವುದರಿಂದ ಸಾಮರ್ಥ್ಯದ ಶರತ್ತು ಪೂರ್ಣಗೊಳ್ಳುವುದಿಲ್ಲ ಎಂಬುದು ಅವರ ತರ್ಕ. ಇದನ್ನು ನಮಗೆ ತಿಳಿಸುವ ಚರಿತ್ರಕಾರ ಬದಾಯೂನಿ ಅವರ ಮಿತ್ರನೇನಲ್ಲ. ಆದ್ದರಿಂದ ಅವನ ಮಾತಿನಲ್ಲಿರುವ ವ್ಯಂಗ್ಯವನ್ನು ಸ್ವಲ್ಪ ಕಳೆದು ಓದಬೇಕು. ಹಾಗೆ ಓದಿದರೂ ಆ ತರ್ಕ ನನಗೆ ಅರ್ಧ ಸರಿ, ಅರ್ಧ ಅನುಕೂಲಶಾಸ್ತ್ರ ಎನಿಸುತ್ತದೆ. ದಾರಿಯ ಸುರಕ್ಷೆಯು ಹನಫಿಗಳಲ್ಲೂ ಶಾಫಿಈಗಳಲ್ಲೂ ನಿಜವಾದ ಶರತ್ತೇ. ಸಮುದ್ರಯಾನದಲ್ಲಿ ಪಾರಾಗುವ ಸಂಭವವೇ ಹೆಚ್ಚಾಗಿದ್ದರೆ ಹಜ್ಜ್ ಕಡ್ಡಾಯವಾಗುತ್ತದೆ, ಅಪಾಯವೇ ಹೆಚ್ಚಾಗಿದ್ದರೆ ಆಗುವುದಿಲ್ಲ. ಆದರೆ ಪ್ರತಿವರ್ಷವೂ ಹಡಗುಗಳು ಹೋಗಿ ಬರುತ್ತಿದ್ದ ಕಾಲದಲ್ಲಿ ಒಂದು ಕಾಗದದ ಮೇಲಿನ ಚಿತ್ರ ಆ ಲೆಕ್ಕವನ್ನು ಬದಲಿಸುತ್ತದೆಯೆ? 1579ರಲ್ಲಿ ಅಕ್ಬರ್ ಇದೇ ಮಖ್ದೂಮುಲ್ ಮುಲ್ಕ್‌ರನ್ನು ಆಸ್ಥಾನದಿಂದ ದೂರವಿಡಲು ಮಕ್ಕಾಕ್ಕೇ ಕಳುಹಿಸಿದನು. ಕಡ್ಡಾಯವಲ್ಲವೆಂದವರಿಗೆ ಆ ಯಾತ್ರೆ ಅರಸನ ಅಪ್ಪಣೆಯಿಂದ ಕಡ್ಡಾಯವಾಯಿತು.

ಆ ಫತ್ವಾಕ್ಕೆ ಉತ್ತರ ಕೊಟ್ಟವರಲ್ಲಿ ಒಬ್ಬ ಮಹಿಳೆಯನ್ನು ನಾನು ಮುಖ್ಯವಾಗಿ ನೆನೆಯುತ್ತೇನೆ. ಬಾಬರನ ಮಗಳು, ಅಕ್ಬರನ ಸೋದರತ್ತೆ ಗುಲ್‌ಬದನ್ ಬೇಗಮ್ ಯಾವ ಗ್ರಂಥವನ್ನೂ ಬರೆದು ವಾದಿಸಲಿಲ್ಲ, ಹೊರಟೇಬಿಟ್ಟರು. ಐವತ್ತು ದಾಟಿದ್ದ ಅವರು ರಾಜಮನೆತನದ ಇತರ ಹೆಂಗಸರೊಂದಿಗೆ 1575ರ ಅಕ್ಟೋಬರಿನಲ್ಲಿ ಫತೇಪುರ್ ಸಿಕ್ರಿಯನ್ನು ಬಿಟ್ಟರು. ಸೂರತ್ ತಲುಪಿದ ಮೇಲೆ ಪೋರ್ಚುಗೀಸರ ಪರವಾನಗಿಗಾಗಿ ಸುಮಾರು ಒಂದು ವರ್ಷ ಕಾಯಬೇಕಾಯಿತು. ದೇಶದ ಚಕ್ರವರ್ತಿಯ ಅತ್ತೆಗೇ ಈ ಗತಿಯಾದರೆ ಸಾಮಾನ್ಯರ ಪಾಡು ಊಹಿಸಬಹುದು. 1576ರ ಅಕ್ಟೋಬರಿನಲ್ಲಿ ಹಡಗು ಹೊರಟಿತು. ಮುಂದಿನ ಹಜ್ಜ್ 1577ರ ಫೆಬ್ರವರಿ ಕೊನೆಯಲ್ಲಿತ್ತು, ಗಾಳಿಯೂ ದಿನವೂ ಹೊಂದಿಕೊಂಡಿದ್ದವು. ಅವರು ಹಿಜಾಝ್‌ನಲ್ಲಿ ಮೂರು ವರ್ಷಗಳಿಗೂ ಹೆಚ್ಚು ಕಾಲ ಉಳಿದು ನಾಲ್ಕು ಸಲ ಹಜ್ಜ್ ನಿರ್ವಹಿಸಿದರು. ಮರಳುವಾಗ ಏಡನ್ ಬಳಿ ಹಡಗು ಒಡೆದು ಅಲ್ಲಿಯೇ ತಿಂಗಳುಗಟ್ಟಲೆ ಸಿಲುಕಿದರು. ಫತೇಪುರ್ ಸಿಕ್ರಿಗೆ ಬಂದು ಸೇರಿದ್ದು 1582ರಲ್ಲಿ. ಇಂದು ಐದೂವರೆ ಗಂಟೆಯ ಒಂದು ಯಾನಕ್ಕೆ ಅಂದು ಆರೂವರೆ ವರ್ಷಗಳು ಸಂದವು. ಅದೇ 1576ರಲ್ಲಿ ಅಕ್ಬರ್ ಸುಲ್ತಾನ್ ಖ್ವಾಜಾ ಎಂಬವರನ್ನು ಅಮೀರುಲ್ ಹಜ್ಜ್ ಆಗಿ ನೇಮಿಸಿ, ಹರಮ್‌ನ ಜನರಿಗೆ ಹಂಚಲು ಆರು ಲಕ್ಷ ರೂಪಾಯಿಗಳನ್ನೂ 12,000 ನಿಲುವಂಗಿಗಳನ್ನೂ ಕಳುಹಿಸಿದ್ದನು.

ಪರವಾನಗಿ ಇದ್ದರೂ ಭದ್ರತೆ ಇರಲಿಲ್ಲ. ಜಹಾಂಗೀರನ ತಾಯಿಗೆ ಸೇರಿದ 'ರಹೀಮಿ' ಎಂಬ ದೊಡ್ಡ ಹಡಗನ್ನು, ಕೈಯಲ್ಲಿ ಕರ್ತಾಜ್ ಇದ್ದಾಗಲೂ, 1613ರಲ್ಲಿ ಪೋರ್ಚುಗೀಸರು ಹಿಡಿದರು. 1695ರಲ್ಲಿ ಔರಂಗಜೇಬನ 'ಗಂಜ್-ಎ-ಸವಾಯಿ' ಹಡಗು ಹಜ್ಜ್ ಮುಗಿಸಿ ಸೂರತ್ತಿಗೆ ಮರಳುತ್ತಿದ್ದಾಗ ಹೆನ್ರಿ ಎವರಿ ಎಂಬ ಇಂಗ್ಲಿಷ್ ಕಡಲ್ಗಳ್ಳನು ಅದನ್ನು ದೋಚಿದನು. ಹಡಗಿನ ಹೆಂಗಸರ ಮೇಲೆ ನಡೆದ ಅತ್ಯಾಚಾರವನ್ನು ಆ ಕಾಲದ ಚರಿತ್ರಕಾರ ಖಾಫಿ ಖಾನ್ ಬರೆದಿಟ್ಟಿದ್ದಾನೆ. ಇಂಗ್ಲೆಂಡಿನ ಕಥೆಗಳಲ್ಲಿ ಎವರಿ ಸಾಹಸಿಯಾಗಿ ಮೆರೆಯುತ್ತಾನೆ. ಆ ಹಡಗಿನಲ್ಲಿದ್ದವರು ಝಮ್‌ಝಮ್ ನೀರು ಹೊತ್ತು ಮನೆಗೆ ಬರುತ್ತಿದ್ದ ಹಾಜಿಗಳೆಂಬುದನ್ನು ಆ ಕಥೆಗಳು ಬಹುಮಟ್ಟಿಗೆ ಮರೆತಿವೆ.

ಹೀಗಿರುವಾಗ 'ಕಡ್ಡಾಯವಲ್ಲ' ಎಂಬ ವಾದ ಸಾಯದೇ ಉಳಿದುದರಲ್ಲಿ ಆಶ್ಚರ್ಯವಿಲ್ಲ. 19ನೇ ಶತಮಾನದ ಆರಂಭದಲ್ಲೂ ಉತ್ತರ ಭಾರತದ ಕೆಲವು ಆಲಿಮರು ಸಮುದ್ರದ ಅಪಾಯವನ್ನೇ ಮುಂದಿಟ್ಟು ಹಜ್ಜ್‌ನ ಬಾಧ್ಯತೆ ಬಿದ್ದುಹೋಗಿದೆ ಎನ್ನುತ್ತಿದ್ದರು. ಈ ಅಭಿಪ್ರಾಯವನ್ನು ಶಾಹ್ ಇಸ್ಮಾಯೀಲ್ ಮತ್ತು ಮೌಲಾನಾ ಅಬ್ದುಲ್ ಹಯ್ ಖಂಡಿಸಿದರು. ದೆಹಲಿಯ ಶಾಹ್ ಅಬ್ದುಲ್ ಅಝೀಝ್‌ರು ಅವರನ್ನು ಬೆಂಬಲಿಸಿದರು. ಸಯ್ಯಿದ್ ಅಹ್ಮದ್ ಬರೇಲ್ವಿಯವರು 1821ರಲ್ಲಿ ರಾಯ್‌ಬರೇಲಿಯಿಂದ ನೂರಾರು ಗಂಡಸರು, ಹೆಂಗಸರು, ಮಕ್ಕಳನ್ನು ಕರೆದುಕೊಂಡು ಗಂಗೆಯಲ್ಲಿ ದೋಣಿಗಳ ಮೂಲಕ ಕಲ್ಕತ್ತಾಕ್ಕೆ ಹೋಗಿ, ಅಲ್ಲಿಂದ ಹಲವು ಹಡಗುಗಳಲ್ಲಿ ಜಿದ್ದಾಕ್ಕೆ ತೆರಳಿದರು. ಪ್ರಯಾಣದ ವೆಚ್ಚಕ್ಕೆ ಹಣವಿಲ್ಲದವರೂ ಅವರ ಜೊತೆಗಿದ್ದರು. ಸಯ್ಯಿದ್ ಅಹ್ಮದರ ನಂತರದ ರಾಜಕೀಯದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಈ ಯಾತ್ರೆಯು ಒಂದು ಫತ್ವಾವನ್ನು ಇನ್ನೊಂದು ಫತ್ವಾದಿಂದ ಎದುರಿಸುವ ಬದಲು ಹೋಗಿ ಬಂದು ತೋರಿಸಿತು. ಅದಾದ ಮೇಲೆ ಆ ವಾದ ಹೆಚ್ಚು ಕೇಳಿಬರಲಿಲ್ಲ.

ಅಷ್ಟರಲ್ಲಿ ಹಬೆ ಬಂತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಬೆಹಡಗುಗಳು ಕೆಂಪು ಸಮುದ್ರದಲ್ಲಿ ಸಾಲುಗಟ್ಟಿದವು. ಮುಂಬಯಿಯಿಂದ ಏಡನ್ ಮಾರ್ಗವಾಗಿ ಜಿದ್ದಾಕ್ಕೆ ಸಮುದ್ರದ ಮೇಲೆ ಸುಮಾರು 2,350 ನಾಟಿಕಲ್ ಮೈಲಿ, ಅಂದರೆ ಸುಮಾರು 4,350 ಕಿಲೋಮೀಟರ್. ಇದು ಈಗ ಸುಮಾರು ಎರಡು ವಾರಗಳ ಪ್ರಯಾಣವಾಯಿತು. ಗಾಳಿಯ ಹಂಗು ತಪ್ಪಿತು. ದುಲ್‌ಹಜ್ಜ್ ಯಾವ ಋತುವಿನಲ್ಲಿ ಬಂದರೂ ಹೊರಡಬಹುದಾಯಿತು. ಸೂರತ್ತಿಗಿದ್ದ 'ಬಾಬುಲ್ ಮಕ್ಕಾ', ಅಂದರೆ ಮಕ್ಕಾದ ಬಾಗಿಲು ಎಂಬ ಹೆಗ್ಗಳಿಕೆ ಮುಂಬಯಿಗೆ ಬಂತು. ನಮ್ಮ ಕರಾವಳಿಯವರು ಮಂಗಳೂರು, ಭಟ್ಕಳಗಳಿಂದ ಕಡಲಂಚಿನ ಸ್ಟೀಮರುಗಳಲ್ಲಿ, ಬಯಲುಸೀಮೆಯವರು ರೈಲಿನಲ್ಲಿ ಮುಂಬಯಿಗೆ ಬಂದು ಮುಸಾಫಿರ್‌ಖಾನೆಗಳಲ್ಲಿ ಹಡಗಿನ ದಿನಕ್ಕಾಗಿ ಕಾಯುತ್ತಿದ್ದರು.

ದಾರಿ ಚಿಕ್ಕದಾದಾಗ ಬಡವರೂ ಹೊರಟರು. ನನ್ನ ದೃಷ್ಟಿಯಲ್ಲಿ ಹಬೆಹಡಗಿನ ನಿಜವಾದ ಕ್ರಾಂತಿ ಇದು. ಹಿಂದೆ ವ್ಯಾಪಾರಿಗಳಿಗೆ, ಅರಮನೆಯವರಿಗೆ, ವಿದ್ವಾಂಸರಿಗೆ, ಎಲ್ಲವನ್ನೂ ತೊರೆದ ಫಕೀರರಿಗೆ ಮಾತ್ರ ನಿಲುಕುತ್ತಿದ್ದ ಯಾತ್ರೆ ಈಗ ಹೊಲ ಮಾರಿದ ರೈತನಿಗೂ, ಜೀವಮಾನವಿಡೀ ಕಾಸು ಕೂಡಿಟ್ಟ ವಿಧವೆಗೂ ನಿಲುಕಿತು. ಹಡಗಿನವರು ಅವರನ್ನು ಸರಕಿನಂತೆ ತುಂಬಿದರು. ಹೋಗುವ ಟಿಕೆಟ್ಟನ್ನಷ್ಟೇ ಕೊಂಡು ಹೊರಟ ಅನೇಕರು ಮರಳಲು ಹಣವಿಲ್ಲದೆ ಜಿದ್ದಾದ ಬೀದಿಗಳಲ್ಲಿ ಉಳಿದರು. 1886ರಲ್ಲಿ ಬ್ರಿಟಿಷ್ ಸರಕಾರ ಥಾಮಸ್ ಕುಕ್ ಕಂಪನಿಯನ್ನು ಹಜ್ಜ್ ಪ್ರಯಾಣದ ಅಧಿಕೃತ ಏಜೆಂಟನ್ನಾಗಿ ನೇಮಿಸಿತಾದರೂ ಆ ಪ್ರಯೋಗ ಕೆಲವೇ ವರ್ಷಗಳಲ್ಲಿ ಮುಗಿಯಿತು. ಹಡಗಿನವರ ಹೊಣೆಗೇಡಿತನಕ್ಕೆ 1880ರ 'ಜೆಡ್ಡಾ' ಎಂಬ ಹಡಗಿನ ಘಟನೆಯೇ ಸಾಕ್ಷಿ. ಸಿಂಗಾಪುರದಿಂದ ಹೊರಟ ಅದರಲ್ಲಿ ಸುಮಾರು 950 ಯಾತ್ರಾರ್ಥಿಗಳಿದ್ದರು. ಬಿರುಗಾಳಿಗೆ ಸಿಕ್ಕಿ ನೀರು ಒಳನುಗ್ಗಿದಾಗ ಕಪ್ತಾನನೂ ಅಧಿಕಾರಿಗಳೂ ಯಾತ್ರಾರ್ಥಿಗಳನ್ನು ಬಿಟ್ಟು ದೋಣಿಯೇರಿ ತಪ್ಪಿಸಿಕೊಂಡರು. ಏಡನ್‌ಗೆ ಬಂದು ಹಡಗು ಮುಳುಗಿತೆಂದು ವರದಿ ಮಾಡಿದರು. ಮರುದಿನ ಅದೇ ಹಡಗು, ಪ್ರಯಾಣಿಕರ ಸಮೇತ, ಇನ್ನೊಂದು ಹಡಗಿನ ಹಿಂದೆ ಎಳೆಸಿಕೊಂಡು ಏಡನ್ ಬಂದರಿಗೆ ಬಂತು! ನಡುವಿನ ದಿನಗಳಲ್ಲಿ ನೀರನ್ನು ಎತ್ತಿ ಹಾಕಿ ಹಡಗನ್ನು ತೇಲಿಸಿಟ್ಟವರು ಆ ಯಾತ್ರಾರ್ಥಿಗಳೇ. ಜೋಸೆಫ್ ಕಾನ್ರಾಡ್‌ನ 'ಲಾರ್ಡ್ ಜಿಮ್' ಕಾದಂಬರಿಗೆ ಈ ಘಟನೆಯೇ ಮೂಲ. ಕಾದಂಬರಿಯ ಚಿಂತೆಯೆಲ್ಲ ಓಡಿಹೋದ ಬಿಳಿಯ ಅಧಿಕಾರಿಯ ಮನಸ್ಸಾಕ್ಷಿಯ ಕುರಿತು, ನೀರೆತ್ತಿದ ಹಾಜಿಗಳ ಕುರಿತಲ್ಲ.

ರೋಗವೂ ಹಬೆಯ ವೇಗದಲ್ಲೇ ಬಂತು. ಹಾಯಿಹಡಗಿನ ದೀರ್ಘಯಾನದಲ್ಲಿ ಕಾಲರಾ ತಗಲಿದವನು ದಡ ಮುಟ್ಟುವ ಮೊದಲೇ ಸಾಯುತ್ತಿದ್ದ ಅಥವಾ ಗುಣವಾಗುತ್ತಿದ್ದ. ಎರಡು ವಾರದ ಯಾನದಲ್ಲಿ ರೋಗವೂ ಜೀವಂತವಾಗಿ ಇಳಿಯಿತು. 1865ರ ಹಜ್ಜ್‌ನಲ್ಲಿ ಕಾಲರಾದಿಂದ ಸಾವಿರಾರು ಜನ ಸತ್ತರು, ರೋಗ ಈಜಿಪ್ಟನ್ನು ದಾಟಿ ಯುರೋಪಿಗೂ ಹರಡಿತು. ಮರುವರ್ಷ ಇಸ್ತಾಂಬುಲ್‌ನಲ್ಲಿ ಅಂತಾರಾಷ್ಟ್ರೀಯ ಆರೋಗ್ಯ ಸಮ್ಮೇಳನ ಸೇರಿತು. 1880ರ ದಶಕದಿಂದ ಯಮನ್ ತೀರದ ಕಮರಾನ್ ದ್ವೀಪದಲ್ಲಿ ಹಿಂದೂಸ್ಥಾನದ ಹಡಗುಗಳನ್ನು ತಡೆದು, ಯಾತ್ರಾರ್ಥಿಗಳನ್ನು ದಿನಗಟ್ಟಲೆ ಶಿಬಿರಗಳಲ್ಲಿ ಇರಿಸಿ, ಬಟ್ಟೆಬರೆಗಳನ್ನು ಹಬೆಯಲ್ಲಿ ಬೇಯಿಸಿ ಶುದ್ಧಿಮಾಡಿದ ಮೇಲೆಯೇ ಮುಂದೆ ಬಿಡುತ್ತಿದ್ದರು. ಮುಂಬಯಿಯಲ್ಲಿ ಪ್ಲೇಗ್ ಹರಡಿದ್ದರಿಂದ 1897ರಲ್ಲಿ ಸರಕಾರ ಹಜ್ಜ್ ಪ್ರಯಾಣವನ್ನೇ ನಿಷೇಧಿಸಿತು. 2020ರಲ್ಲಿ ಕೊರೋನಾದ ಕಾರಣ ಹೊರದೇಶದ ಹಾಜಿಗಳಿಗೆ ಅನುಮತಿ ಇಲ್ಲವೆಂದಾಗ ಇಂತಹದು ಹಿಂದೆಂದೂ ನಡೆದಿಲ್ಲವೆಂದು ಅನೇಕರು ಕಳವಳಪಟ್ಟರು. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಅದು ನಡೆದಿತ್ತು.

ಸ್ವಾತಂತ್ರ್ಯಾನಂತರವೂ ಬಹುಕಾಲ ಹಡಗೇ ಬಡವರ ವಾಹನ. 1877ರಲ್ಲಿ ಸ್ಥಾಪಿತವಾಗಿ ಮುಂದೆ 'ಮೊಗಲ್ ಲೈನ್' ಎಂದು ಹೆಸರಾದ ಕಂಪನಿಯ ಹಡಗುಗಳು ಮುಂಬಯಿ-ಜಿದ್ದಾ ನಡುವೆ ಸಂಚರಿಸುತ್ತಿದ್ದವು. ಕೊನೆಯ ದಶಕಗಳಲ್ಲಿ ಆ ಪ್ರಯಾಣ ಒಂದು ವಾರದ ಆಸುಪಾಸಿಗೆ ಇಳಿದಿತ್ತು. 'ಅಕ್ಬರ್' ಎಂಬ ಹಡಗಿನ 1995ರ ಯಾತ್ರೆಯೊಂದಿಗೆ ಈ ಕಡಲಹಾದಿ ಮುಚ್ಚಿತು. ಆ ಹಡಗಿನಲ್ಲಿ ಹೋಗಿಬಂದವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಡೆಕ್ಕಿನ ಮೇಲೆ ಜಮಾಅತ್ ಆಗಿ ನಮಾಝ್ ಮಾಡಿದ್ದನ್ನೂ, ಹಡಗು ಯಲಮ್‌ಲಮ್‌ನ ನೇರಕ್ಕೆ ಬರುತ್ತಿದೆಯೆಂದು ಘೋಷಣೆಯಾದಾಗ ಸಾವಿರ ಜನ ಒಟ್ಟಿಗೆ ಸ್ನಾನಕ್ಕೆ ಸಾಲುನಿಂತದ್ದನ್ನೂ ಅವರಿಂದ ಕೇಳಿ ಬರೆದಿಡುವ ಕೆಲಸವನ್ನು ಯಾರಾದರೂ ಬೇಗ ಮಾಡಬೇಕು.

ಈಗ ವಿಮಾನದ ಕಾಲ. 1981ರಲ್ಲಿ ತೆರೆದ ಜಿದ್ದಾದ ಕಿಂಗ್ ಅಬ್ದುಲ್ ಅಝೀಝ್ ವಿಮಾನ ನಿಲ್ದಾಣದ ಹಜ್ಜ್ ಟರ್ಮಿನಲ್ ಬಿಳಿಯ ಡೇರೆಗಳ ಸಾಲಿನಂತಿದೆ. ಅದರ ರಚನೆಯ ಹಿಂದಿದ್ದ ಇಂಜಿನಿಯರ್ ಢಾಕಾ ಮೂಲದ ಫಝ್ಲುರ್ರಹ್ಮಾನ್ ಖಾನ್. ಜಿದ್ದಾದಿಂದ ಮಕ್ಕಾಕ್ಕೆ ಒಂಟೆಯ ಮೇಲೆ ಎರಡು ರಾತ್ರಿಗಳ ದಾರಿ, 2018ರಿಂದ ಓಡುತ್ತಿರುವ ಹರಮೈನ್ ರೈಲಿಗೆ ಅದು ಒಂದು ಗಂಟೆಯೂ ಅಲ್ಲ.

ದೂರ ಇಷ್ಟು ಕುಗ್ಗಿದಾಗ ಹಳೆಯ ಫಿಕ್‌ಹ್ ಪ್ರಶ್ನೆಗಳು ಹೊಸ ರೂಪದಲ್ಲಿ ಬರುತ್ತವೆ. ಪ್ರಯಾಣದಲ್ಲಿ ನಮಾಝನ್ನು ಕಸ್ರ್ ಮಾಡುವ ರಿಯಾಯಿತಿಗೆ ಹನಫಿಗಳು ಮೂರು ದಿನಗಳ ನಡಿಗೆಯ ದೂರವನ್ನೂ ಶಾಫಿಈಗಳು ಎರಡು ಮರ್‌ಹಲಾಗಳನ್ನೂ ಮಿತಿಯಾಗಿಟ್ಟರು. ಇಂದಿನ ಅಳತೆಯಲ್ಲಿ ಎರಡೂ ಸುಮಾರು 80 ಕಿಲೋಮೀಟರಿನ ಆಸುಪಾಸು. ವಿಮಾನ ಆ ದೂರವನ್ನು ಆರು ನಿಮಿಷಗಳಲ್ಲಿ ದಾಟುತ್ತದೆ. ದಣಿವೇ ಇಲ್ಲದಿರುವಾಗ ರಿಯಾಯಿತಿ ಏಕೆ ಎಂದು ಕೇಳುವವರಿದ್ದಾರೆ. ಎರಡೂ ಮದ್‌ಹಬ್‌ಗಳ ಉತ್ತರ ಒಂದೇ, ನಿಯಮ ನಿಂತಿರುವುದು ದೂರದ ಮೇಲೆ, ದಣಿವಿನ ಮೇಲಲ್ಲ. ಮಹ್ರಮ್ ಇಲ್ಲದೆ ಮಹಿಳೆಯ ಪ್ರಯಾಣದ ವಿಚಾರದಲ್ಲಿ ಮಾತ್ರ ಮದ್‌ಹಬ್‌ಗಳು ಬೇರೆಯಾಗುತ್ತವೆ. ಕಡ್ಡಾಯ ಹಜ್ಜ್‌ಗೆ ನಂಬಿಗಸ್ತ ಮಹಿಳೆಯರ ಗುಂಪಿನೊಂದಿಗೆ ಹೋಗಬಹುದೆಂದು ಶಾಫಿಈಗಳು ಹಿಂದಿನಿಂದಲೂ ಹೇಳಿದ್ದಾರೆ. 2018ರಿಂದ ಭಾರತದಲ್ಲಿ 45 ದಾಟಿದ ಮಹಿಳೆಯರು ತಮ್ಮ ಮದ್‌ಹಬ್ ಅನುಮತಿಸುವುದಾದರೆ ಗುಂಪಾಗಿ ಹೋಗಲು ಅವಕಾಶ ಬಂದಾಗ ಕೆಲವರು ಅದನ್ನು ಹೊಸ ಆವಿಷ್ಕಾರವೆಂದು ಗದ್ದಲವೆಬ್ಬಿಸಿದ್ದುಂಟು.

ರಮಝಾನ್‌ನಲ್ಲಿ ಉಮ್ರಾಕ್ಕೆ ಹೋಗುವವರಿಗೆ ಇನ್ನೊಂದು ಅನುಭವ. ಮುಂಬಯಿ ಮತ್ತು ಜಿದ್ದಾಗಳ ರೇಖಾಂಶಗಳ ನಡುವೆ ಸುಮಾರು 34 ಡಿಗ್ರಿಗಳ ಅಂತರ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯಾಸ್ತ ಸುಮಾರು ಎರಡೂಕಾಲು ಗಂಟೆ ತಡವಾಗುತ್ತದೆ. ವಿಮಾನ ಸೂರ್ಯನನ್ನು ಅಟ್ಟಿಸಿಕೊಂಡು ಹೋಗುತ್ತದೆ, ಸೂರ್ಯ ಮುಳುಗುವುದೇ ಇಲ್ಲವೇನೋ ಎನಿಸುತ್ತದೆ. ಪಕ್ಕದವನು ಮುಂಬಯಿಯ ವೇಳಾಪಟ್ಟಿ ನೋಡಿ ಖರ್ಜೂರ ಬಾಯಿಗಿಟ್ಟರೂ ಕಿಟಕಿಯಾಚೆ ಬಿಸಿಲು ಕಾಣುವ ತನಕ ಇಫ್ತಾರ್ ಇಲ್ಲ.

ಮತ್ತು ಮೀಕಾತ್. ಸಮುದ್ರದಲ್ಲಿ ಯಲಮ್‌ಲಮ್‌ನ ನೇರಕ್ಕೆ ಬರುವ ಮೊದಲು ಹಡಗಿನವರಿಗೆ ಸಿದ್ಧವಾಗಲು ಇಡೀ ದಿನವೇ ಸಿಗುತ್ತಿತ್ತು. ನಮ್ಮ ವಿಮಾನಗಳು ಸಾಮಾನ್ಯವಾಗಿ ಪೂರ್ವದಿಂದ, ತಾಯಿಫ್ ಕಡೆಯ ಕರ್ನುಲ್ ಮನಾಝಿಲ್‌ನ ನೇರದಲ್ಲಿ ಬರುತ್ತವೆ, ನಿಮಿಷಕ್ಕೆ ಸುಮಾರು 14 ಕಿಲೋಮೀಟರ್ ವೇಗದಲ್ಲಿ. ಜಿದ್ದಾದಲ್ಲೇ ಇಹ್ರಾಮ್ ಧರಿಸಬಹುದೆಂದು ಕೆಲವು ವಿದ್ವಾಂಸರು ಹೇಳಿದ್ದುಂಟು, ಬಹುಸಂಖ್ಯಾತರು ಅದನ್ನು ಒಪ್ಪಿಲ್ಲ. ಆದ್ದರಿಂದ ಬೆಂಗಳೂರಿನ ಹಜ್ ಭವನದಲ್ಲೇ ಎರಡು ಬಿಳಿ ವಸ್ತ್ರಗಳನ್ನು ಉಟ್ಟು ಹೊರಡುವುದು ರೂಢಿಯಾಗಿದೆ, ನಿಯ್ಯತ್ತನ್ನು ಮಾತ್ರ ಮೀಕಾತ್ ಸಮೀಪಿಸಿದಾಗ ಮಾಡುತ್ತಾರೆ. ಮೊದಲು ಮದೀನಾಕ್ಕೆ ಇಳಿಯುವವರಿಗೆ ಈ ಅವಸರವಿಲ್ಲ, ಅವರ ಮೀಕಾತ್ ದುಲ್‌ಹುಲೈಫಾ.

ದೂರ ಪೂರ್ತಿಯಾಗಿ ಅಳಿಯಿತೆಂದು ಮಾತ್ರ ಹೇಳಲಾಗದು. ಪ್ರತಿ ದೇಶದ ಹತ್ತು ಲಕ್ಷ ಮುಸ್ಲಿಮರಿಗೆ ಒಂದು ಸಾವಿರ ಹಾಜಿಗಳು ಎಂಬ ಲೆಕ್ಕವನ್ನು 1980ರ ದಶಕದ ಕೊನೆಯಲ್ಲಿ ಮುಸ್ಲಿಮ್ ರಾಷ್ಟ್ರಗಳು ಒಪ್ಪಿಕೊಂಡವು. ಭಾರತದಲ್ಲಿ 2018ರಿಂದ ಪ್ರಯಾಣದ ಸಬ್ಸಿಡಿಯೂ ನಿಂತಿದೆ. ಹಿಂದೆ ಸೂರತ್ತಿನಲ್ಲಿ ಗಾಳಿಗಾಗಿ, ಪರವಾನಗಿಗಾಗಿ, ಕಮರಾನ್‌ನಲ್ಲಿ ಬಿಡುಗಡೆಗಾಗಿ ಕಾದವರು ಈಗ ಚೀಟಿ ಎತ್ತುವ ದಿನಕ್ಕಾಗಿ ಮನೆಯಲ್ಲೇ ಕುಳಿತು ಕಾಯುತ್ತಾರೆ. ಹೆಸರು ಬಾರದೆ ಮುಂದಿನ ವರ್ಷಕ್ಕೆ ಮತ್ತೆ ಅರ್ಜಿ ಹಾಕುತ್ತಾರೆ. ಅಂತಹವರಲ್ಲೊಬ್ಬರಿಗೆ ಕೊನೆಗೂ ಹೆಸರು ಬಂದು, ವಿಮಾನವೇರಿ, ಮೀಕಾತ್‌ಗೆ ಇನ್ನು ಅರ್ಧ ಗಂಟೆಯಿದೆ ಎಂಬ ಪ್ರಕಟಣೆ ಕೇಳಿಸುತ್ತದೆ. ಓದುತ್ತಿದ್ದವರು ಪುಸ್ತಕ ಮುಚ್ಚುತ್ತಾರೆ, ನಿದ್ರಿಸುತ್ತಿದ್ದವರನ್ನು ಪಕ್ಕದವರು ಎಬ್ಬಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಸಾಲುಗಳಿಂದ ತಲ್ಬಿಯಾ ಕೇಳಿಬರುತ್ತದೆ. ಜಿದ್ದಾದ ರನ್‌ವೇಗೆ ಆಮೇಲೆ ಉಳಿಯುವುದು ಸುಮಾರು ಕಾಲು ಗಂಟೆ.